ಟ್ರಿಪ್ಸಿನ್ನನ ಬಾಯಿಕುಕ್ಕೆ

ಹೊಟ್ಟೆಯ ಹಿಂಬದಿಯ ಮೇದೋಜ್ಜೀರಕ ಗ್ರಂಥಿಯೇ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವದ ಕುಲದವರ ತವರು. ಕರುಳಿಗೆ ಬಂದ ಬೇಳೆ, ಮಾಂಸಗಳ ಪ್ರೋಟೀನನ್ನು ಕಚ್ಚಿ ಚೂರು ಮಾಡುವುದು ಅವರ ಕಸುಬು. ಎತ್ತಿಗೆ ಕಟ್ಟುವಂತೆ ಅವರ ಬಾಯಿಗೂ ಹುಟ್ಟಿದ ಕೂಡಲೇ ಕುಕ್ಕೆ ಕಟ್ಟುತ್ತಾರೆ; ಬಿಚ್ಚುವುದು ಕರುಳು ಮುಟ್ಟಿದ ಮೇಲೆಯೇ.

ಒಬ್ಬ ಟ್ರಿಪ್ಸಿನ್ನನಿಗೆ ಇದು ಭಾರೀ ಅವಮಾನವೆನಿಸಿತು. "ನನ್ನಂಥ ಶೂರನಿಗೆ ದನದ ಕುಕ್ಕೆಯೇ?" ಎಂದವನೇ ತವರಿನಲ್ಲೇ ಅದನ್ನು ಕಿತ್ತೆಸೆದ. ಹೇಗೆ ಕಿತ್ತನೋ, ಕೇಳಬೇಡಿ.

ಕುಕ್ಕೆ ಕಳಚಿದವರ ಬಾಯಿ ಹಿಡಿಯಲೆಂದೇ ಅಲ್ಲಿ ಕಾವಲಿಗಿದ್ದ ಪ್ರೋಟೀನು ಮುದುಕಿ ಓಡಿಬಂದು ಅವನ ಬಾಯಿ ಅದುಮಿದಳು. "ಲೋ ಮಹಾಶೂರ, ಇಲ್ಲಿ ಕಚ್ಚುವುದಕ್ಕೆ ಯಾರಿದ್ದಾರೋ? ಇರುವ ಪ್ರೋಟೀನೆಲ್ಲ ನಿನ್ನ ಮನೆಯವರೇ!"

"ಹೋಗೇ ಮುದುಕಿ, ಕುಕ್ಕೆ ಹೇಡಿಗಳಿಗೆ!" ಎಂದು ಕೊಸರಿಕೊಂಡವನು, ಸಾಲಾಗಿ ನಿಂತಿದ್ದ ತಮ್ಮಂದಿರ ಕುಕ್ಕೆಗಳನ್ನೂ ಒಂದೊಂದಾಗಿ ಕಚ್ಚಿ ಹಾಕಿದ. "ಸ್ವತಂತ್ರರಾದಿರಿ! ಇನ್ನು ನಾನೇ ನಿಮ್ಮ ನಾಯಕ. ಎಲ್ಲಿ, ಜೈ ಅನ್ನಿ!"

ಜೈ ಅನ್ನಲು ಅವರ ಬಾಯಿಗೆ ಬಿಡುವಿರಲಿಲ್ಲ. ಹುಟ್ಟಿದಾಗಿನಿಂದ ಹಸಿದವರು ಕೈಗೆ ಸಿಕ್ಕ ಪ್ರೋಟೀನಿಗೆ ಬಾಯಿ ಹಾಕಿದ್ದರು; ಎಲ್ಲರಿಗಿಂತ ಮುಂದೆ ಎದೆಯುಬ್ಬಿಸಿ ನಿಂತಿದ್ದ ಪ್ರೋಟೀನು ನಾಯಕನೇ. ಮನೆಯ ಗೋಡೆಯದು ಆಮೇಲಿನ ಸರದಿ.

ಅಷ್ಟರಲ್ಲಿ ನಾಯಕನ ಮೊದಲ ಆಜ್ಞೆ ಹೊರಟಿತು: "ಯಾರಾದರೂ ಬಂದು ಇವರಿಗೆ ಕುಕ್ಕೆ ಕಟ್ರೋ!"