ಹಗುರಾದ ಓಟಗಾರ್ತಿ

ಜಿಲ್ಲಾ ಮಟ್ಟದ ಓಟಕ್ಕೆ ಎರಡೇ ದಿನ ಇರುವಾಗ, ಹದಿನಾರರ ಫಿಲೋಮಿನಾಳ ಕಾಲಿನ ಮೂಳೆ ಅವಳ ಬೂಟಿಗೆ ಹೇಳಿತು: "ಇವತ್ತು ಅವಳನ್ನು ಓಡಿಸಬೇಡ. ನನಗೆ ಭಯವಾಗಿದೆ."

"ಭಯವೇಕೆ?" ಎಂದಿತು ಬೂಟು. "ಮುದ್ದೆ ಬಿಟ್ಟಳು, ಹಾಲು ಬಿಟ್ಟಳು, ಎಷ್ಟು ಹಗುರಾಗಿದ್ದಾಳೆ ನೋಡು. ಐದು ತಿಂಗಳಿಂದ ಮುಟ್ಟಿನ ಕಾಟವೂ ಇಲ್ಲ. ಇದು ಗೆಲ್ಲುವವರ ಲಕ್ಷಣ."

"ಓಟ ನನಗೂ ಬೇಕು. ಆದರೆ ಸವೆದದ್ದನ್ನು ತುಂಬಲು ಊಟ ಬೇಕು, ನನ್ನನ್ನು ಕಾಯಲು ಹಾರ್ಮೋನು ಬೇಕು. ಮುಟ್ಟು ನಿಂತಾಗಲೇ ಆ ಕಾವಲು ಹೋಯಿತು. ಈಗ ನಾನೂ ಹಗುರಾಗುತ್ತಿದ್ದೇನೆ."

"ಹಾಗಾದರೆ ಇನ್ನೂ ಒಳ್ಳೆಯದಾಯಿತು," ಎಂದ ಬೂಟು ಅಭ್ಯಾಸದ ಸೀಟಿ ಕೇಳಿದೊಡನೆ ಹೊರಟಿತು.

ಮೂರನೆಯ ಸುತ್ತಿನಲ್ಲಿ ಮೂಳೆ ಲಟಕ್ಕನೆ ಮುರಿಯಿತು. ಅಷ್ಟು ಹಗುರಾಗಿದ್ದವಳನ್ನು ಮೈದಾನದಿಂದ ಹೊರಗೆ ತರಲು ನಾಲ್ಕು ಜನ ಬೇಕಾಯಿತು.