ಗಡ್ಡದವನ, ಬೋಳನ ಮಧ್ಯೆ ಸಿದ್ಲಿಂಗ

ಕೇಳ್ರಪ್ಪೋ, ನಗೋರು ಕೊನೇಲಿ ನಗಿ. ಮಂಡ್ಯದಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳು ಬ್ಯಾಸ್ಕೆಟ್‌ಬಾಲ್ ಕೋಚು. ಅವಳ ಮಗ ಸಿದ್ಲಿಂಗ. ಆಳು ಎತ್ತರ, ಬುದ್ಧಿ ಮಾತ್ರ ಮೊಣಕಾಲಿಂದ ಮೇಲೆ ಹತ್ತಿರಲಿಲ್ಲ. ಅವತ್ತು ಕಡೂರಿನವರ ಜೊತೆ ಫೈನಲ್. ಸೋತರೆ ಕೋಚ್ ಕೆಲಸ ಬಿಡಮ್ಮ ಅಂತ ಕ್ಲಬ್ಬಿನವರು ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ಒಬ್ಬ ಆಟಗಾರನ ಕಾಲು ಉಳುಕಬೇಕೆ! ಪಾಪ, ಇನ್ನೇನು ಮಾಡ್ತಾಳೆ, ಮಗನನ್ನೇ ಇಳಿಸಿದಳು.

ಕಡೂರಿನವರು ಆಳಿನ ಹಿಂದೆ ಓಡೋರಲ್ಲ. ಬುಟ್ಟಿ ಸುತ್ತ ಒಬ್ಬೊಬ್ಬ ಒಂದೊಂದು ಜಾಗ ಹಿಡಿದು ಕಾಯೋರು. ನುಗ್ಗೋಕೆ ದಾರಿಯೇ ಇಲ್ಲ.

ಪುಟ್ಟತಾಯಮ್ಮ ಮಗನಿಗೆ ಕೂಗಿದಳು, "ಚೆಂಡು ಹಿಡ್ಕೊಂಡು ನಿಲ್ಬೇಡ ಕಣ್ಲಾ! ಬಂದ ತಕ್ಷಣ ಪಕ್ಕದವನಿಗೆ ಕೊಡು!"

ಚೆಂಡು ಬಂತು. ಪಕ್ಕದಲ್ಲಿದ್ದವನು ಕಡೂರಿನವನು. ಸಿದ್ಲಿಂಗ ತಗೊಳ್ಳಪ್ಪ ಅಂತ ಕೊಟ್ಟ! ಅವನು ಓಡಿಹೋಗಿ ಬುಟ್ಟಿಗೆ ಹಾಕಿದ.

"ಅಯ್ಯೋ ಪೆದ್ದೇ! ನಮ್ಮೋರ ಕೆಂಪಂಗಿ ನೋಡಿ ಕೊಡೋ, ಕೆಂಪಂಗಿ!"

"ಹೂಂ ಕಣವ್ವ."

ಮತ್ತೆ ಚೆಂಡು ಬಂತು. ಗ್ಯಾಲರೀಲಿ ಕಡ್ಲೆಕಾಯಿ ಮಾರೋನು ಕೆಂಪಂಗಿ ಹಾಕಿದ್ದ. ಅವನಿಗೇ ಎಸೆದುಬಿಟ್ಟ ಸಿದ್ಲಿಂಗ! ಕಡ್ಲೆಕಾಯೆಲ್ಲ ಚೆಲ್ಲಾಪಿಲ್ಲಿ.

"ನೀನೇ ಹೇಳಿದ್ದಲ್ವೇನವ್ವ?"

ಪುಟ್ಟತಾಯಮ್ಮನಿಗೆ ಅಳು ಬಂತು. ಅಳೋಕೂ ಪುರುಸೊತ್ತಿಲ್ಲ. "ಚೆಂಡು ಮುಟ್ಟಲೇಬೇಡ! ಕಡೂರಿನ ಆ ಗಡ್ಡದವನು, ಆ ಬೋಳ, ಅವರಿಬ್ಬರ ಮಧ್ಯೆ ಹೋಗಿ ನಿಲ್ಲು. ಅವರೆಲ್ಲೇ ಹೋಗ್ಲಿ, ಮಧ್ಯೆ ನೀನು!"

ನಿಂತ. ಗಡ್ಡದವನು ಸರಿದರೆ ಸರಿದ, ಬೋಳ ಸರಿದರೆ ಸರಿದ. ಇವನನ್ನ ಕಾಯೋನು ನೀನೋ ನಾನೋ ಅಂತ ಅವರಿಬ್ಬರಿಗೂ ಗಲಿಬಿಲಿ. ಅಷ್ಟರಲ್ಲಿ ಮೂಲೆ ಖಾಲಿ! ನಮ್ಮ ರೇವಣ್ಣ ಅಲ್ಲಿಂದ ಹಾಕಿದ, ಬಿತ್ತು. ಮತ್ತೆ ಹಾಕಿದ, ಮತ್ತೆ ಬಿತ್ತು. ಇನ್ನು ಒಂದೇ ಪಾಯಿಂಟ್ ಹಿಂದೆ!

ಕಡೂರಿನ ಕೋಚಿಗೆ ರೇಗಿತು. ಗಡ್ಡದವನನ್ನೂ ಬೋಳನನ್ನೂ ಹೊರಗೆ ಕರೆದು ಬೇರೆ ಇಬ್ಬರನ್ನ ಇಳಿಸಿದ. ಅವರು ಹೋಗಿ ಬೆಂಚಿನ ಮೇಲೆ ಕೂತರು. ಸಿದ್ಲಿಂಗನೂ ಹೋಗಿ ಮಧ್ಯೆ ಕೂತ!

"ಎದ್ದು ಬಾರೋ! ಇಲ್ಲಿ ನಾಲ್ಕೇ ಜನ ಕಣೋ!"

ಗದ್ದಲದಲ್ಲಿ ಅವನಿಗೆಲ್ಲಿ ಕೇಳಬೇಕು! ಗಡಿಯಾರ ಓಡ್ತಿದೆ. ಹೊಸಬರಿಬ್ಬರೂ ತಮ್ಮ ಜಾಗ ಬಿಟ್ಟು ಚೆಂಡಿನ ಹಿಂದೆ ಓಡಿದರು. ರೇವಣ್ಣ ಅದೇ ಮೂಲೆಯಿಂದ ಎಸೆದ. ಬುಟ್ಟಿಯ ಅಂಚಲ್ಲಿ ಸುತ್ತಿತು, ಸುತ್ತಿತು, ಒಳಗೆ ಬಿತ್ತು! ಪೀಪಿ ಊದಿದರು. ಗೆದ್ದರು!

ಪುಟ್ಟತಾಯಮ್ಮ ಕಪ್ ತಬ್ಬಿಕೊಂಡು ಅತ್ತಳು. ಕೆಲಸ ಉಳೀತು! ಕಣ್ಣೊರೆಸಿ ನೋಡ್ತಾಳೆ, ಮಗನೇ ಇಲ್ಲ. ಫೋನ್ ಮಾಡಿದಳು.

"ಎಲ್ಲಿ ಸತ್ತೆಯೋ?"

"ಕಡೂರಿನವರ ಬಸ್ಸಲ್ಲಿ ಕಣವ್ವ, ಮಧ್ಯದ ಸೀಟಲ್ಲೇ ಇವ್ನಿ. ಗಡ್ಡದಣ್ಣ ಕಡೂರಲ್ಲಿ ಇಳೀತಾನಂತೆ, ಬೋಳಣ್ಣ ಬೀರೂರಲ್ಲಿ. ನಾನು ಮಧ್ಯೆ ಎಲ್ಲಿ ಇಳೀಲವ್ವ?"