ಕೆಂಚಿ ಏಳುವ ಬಗೆ

“ಅಜ್ಜಾರ, ಒಳ್ಳೇ ಗುರು ಅಂತ ಗುರುತು ಹಿಡಿಯೋದು ಹೆಂಗ್ರಿ?”

ಕೇಳಿದವನು ಅಡಿವೆಯ್ಯ ಎಂಬ ಶಿಷ್ಯ. ಅವನ ಬಗಲಲ್ಲಿ ಬಟ್ಟೆಯ ಗಂಟು ಇತ್ತು. ಮಠ ಬಿಟ್ಟು ಹೊರಡುವುದೆಂದು ತೀರ್ಮಾನಿಸಿ, ಹೇಳಿ ಹೋಗೋಣ ಎಂದು ಮಠದ ಗುರುಗಳಾದ ಅಜ್ಜನವರ ಎದುರು ಬಂದು ಕೂತಿದ್ದ. ಇಲ್ಲಿಗೆ ಬರುವ ಮೊದಲು ಅವನು ಒಬ್ಬ ಗುರುವಿನ ಹತ್ತಿರ ಇದ್ದ. ಅವರು ಹಾಡತೊಡಗಿದರೆ ಇವನ ಕಣ್ಣಲ್ಲಿ ಧಾರೆಯಾಗಿ ನೀರು ಇಳಿಯುತ್ತಿತ್ತು. ಇನ್ನೊಬ್ಬರು ಒಂದೇ ಮಾತಿನಲ್ಲಿ ಇವನ ಮನೆ ಹೊಲದ ಆಸೆಯನ್ನೆಲ್ಲ ಬಿಡಿಸಿದ್ದರು. ಆಸೆ ಸ್ವಲ್ಪ ದಿನ ಹೊರಗೆ ಸುತ್ತಾಡಿ ಮತ್ತೆ ಇವನ ಹತ್ತಿರವೇ ಬಂದಿತ್ತು. ಈ ಮಠದಲ್ಲಿ ಕಣ್ಣೀರೂ ಇಲ್ಲ, ಆವೇಶವೂ ಇಲ್ಲ. ಅಜ್ಜನವರು ದಿನಾ ಬೆಳಿಗ್ಗೆ ಕೇಳುತ್ತಿದ್ದದ್ದು ಇಷ್ಟೇ: ನಿದ್ದೆ ಬಂತೇ? ಉಂಡದ್ದು ಅರಗಿತೇ? ನಿನ್ನೆ ಯಾರ ಮೇಲೆ ಸಿಟ್ಟು ಬಂತು? ಇಷ್ಟನ್ನು ಕೇಳುವುದಕ್ಕೆ ಗುರು ಯಾಕೆ ಬೇಕು, ಮನೆಯಲ್ಲಿ ಅವ್ವ ಇದ್ದಳಲ್ಲ ಎಂದು ಅಡಿವೆಯ್ಯನಿಗೆ ಅನ್ನಿಸಿಬಿಟ್ಟಿತ್ತು.

ಅಜ್ಜನವರು ಗಂಟನ್ನು ನೋಡಿದರು. ನೋಡಿಯೂ ನೋಡದವರಂತೆ ಕತೆ ಶುರು ಮಾಡಿದರು.

ಒಬ್ಬ ಕುರಿಗಾಹಿ ಇದ್ದ. ಅವನ ಹತ್ತಿರ ಒಂದು ಬೇಟೆನಾಯಿ ಇತ್ತು. ಒಳಗೆ ಸೇದಿದ ಹೊಟ್ಟೆ, ಉದ್ದ ಕಾಲು, ಕೆಂಚು ಮೈ. ಹೆಸರು ಕೆಂಚಿ. ಆ ಸೀಮೆಯಲ್ಲಿ ಅದರ ಸಮ ಓಡುವ ನಾಯಿ ಇನ್ನೊಂದಿಲ್ಲ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಬೇರೆಯವರೂ ಹೌದೆನ್ನುತ್ತಿದ್ದರು, ಆದ್ದರಿಂದ ನಿಜವೆಂದೇ ಇಟ್ಟುಕೊಳ್ಳೋಣ. ತೋಳ ಹಿಂಡಿನ ಕಡೆ ಮೂತಿ ತಿರುಗಿಸಿದರೆ ಕೆಂಚಿ ಅದನ್ನು ಗುಡ್ಡ ದಾಟಿಸಿ ಬರುತ್ತಿತ್ತು. ಮೊಲ ಕಂಡರಂತೂ ಕೇಳುವುದೇ ಬೇಡ. ಆಗ ಅದು ಓಡುವುದನ್ನು ನೋಡುತ್ತ ಕುರಿಗಾಹಿ ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದ. ಕುರಿಗಳು ಯಾರದೋ ಜೋಳದ ಹೊಲಕ್ಕೆ ನುಗ್ಗಿದರೂ ಅವನಿಗೆ ಅರಿವಾಗುತ್ತಿರಲಿಲ್ಲ.

ಒಂದು ದಿನ ಮೊಲದ ಹಿಂದೆ ಓಡುತ್ತಿದ್ದ ಕೆಂಚಿ ಗಕ್ಕನೆ ಹೊರಳುವಾಗ ಒಮ್ಮೆ ಕೂಗಿತು. ಮೂರು ಕಾಲಿನಲ್ಲಿ ತಿರುಗಿ ಬಂತು. ಬಲಗಡೆಯ ಹಿಂಗಾಲು ನೆಲ ಮುಟ್ಟುತ್ತಿರಲಿಲ್ಲ.

ಅವನು ಹೆದರಿದ. ಅದಕ್ಕೆ ಕಾರಣ ಇತ್ತು. ದೀಪಾವಳಿ ಮುಗಿಯುತ್ತಲೇ ಹಿಂಡು ಕಟ್ಟಿಕೊಂಡು ದೂರದ ಮೇವಿಗೆ ಹೊರಡುವುದು ಆ ಜನರ ವಾಡಿಕೆ. ಮತ್ತೆ ಊರಿಗೆ ಬರುವುದು ಮುಂದಿನ ಮಳೆಗೆ. ಮನೆಗೆ ಬೀಗ, ಒಲೆಗೆ ಬೂದಿ. ನಡೆಯಲಾರದ ನಾಯಿಯನ್ನು ಹೊಳೆಯ ದಂಡೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಅದನ್ನು ಯಾರೂ ಪಾಪ ಎಂದುಕೊಳ್ಳುತ್ತಿರಲಿಲ್ಲ, ಪುಣ್ಯ ಎಂದೂ ಅಂದುಕೊಳ್ಳುತ್ತಿರಲಿಲ್ಲ. ಹಿಂದಿನ ವರ್ಷ ಅವನ ಅಣ್ಣತಮ್ಮಂದಿರಲ್ಲಿ ಒಬ್ಬನ ನಾಯಿಯನ್ನು ಹಾಗೆ ಬಿಟ್ಟಿದ್ದರು. ಅದು ನೀರಿನ ಅಂಚಿನಲ್ಲಿ ನಿಂತು ಹಿಂಡು ಮರೆಯಾಗುವವರೆಗೆ ನೋಡಿತ್ತು. ಬೊಗಳಿರಲಿಲ್ಲ. ಕೆಂಚಿ ಹಾಗೆ ನಿಂತು ನೋಡುವುದನ್ನು ನೆನೆಸಿಕೊಂಡರೆ ಇವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಳ್ಳೆಯ ವೈದ್ಯ ಯಾರೆಂದು ಕಂಡವರನ್ನೆಲ್ಲ ಕೇಳಿದ. ಸಂತೆಯ ಊರಿನಲ್ಲಿ ಎಣ್ಣೆ ತಿಕ್ಕುವವನೊಬ್ಬ ಇದ್ದಾನೆ ಎಂದರು. ಕೆಂಚಿಯನ್ನು ಕಂಬಳಿಯಲ್ಲಿ ಹೊತ್ತು ಅಲ್ಲಿಗೆ ಹೋದ. ಎಣ್ಣೆಯವನು ಬಿಸಿ ಎಣ್ಣೆ ಹಾಕಿ ಕಾಲನ್ನು ತಿಕ್ಕಿದ, ಮತ್ತೆ ತಿಕ್ಕಿದ. ನೋವು ಮಲಗಿತು. ಕೆಂಚಿ ಕಾಲೂರಿತು. ಕುರಿಗಾಹಿ ಮನೆಗೆ ಹೋಗಲಿಲ್ಲ. ನೆಟ್ಟಗೆ ಮೊಲಗಳಿರುವ ಪೊದೆಗಳ ಕಡೆಗೆ ಹೋದ, ಕೋಲಿನಿಂದ ಬಡಿದು ಒಂದು ಮೊಲ ಎಬ್ಬಿಸಿದ. ಕೆಂಚಿ ಹಾರಿತು. ಅವನಿಗೆ ಹಾಲು ಕುಡಿದಷ್ಟು ಸಂತೋಷ. ಎಣ್ಣೆಯವನಿಗೆ ಕೊಬ್ಬಿದ ಟಗರೊಂದನ್ನು ಕಳಿಸಿಕೊಟ್ಟ. ಮರುದಿನ ನೋಡಿದರೆ ಕಾಲು ಮೊದಲಿಗಿಂತ ಮೇಲಕ್ಕೆ ಸೇದಿಕೊಂಡಿತ್ತು.

ಎರಡನೆಯವನು ಕೀಲು ಎಳೆಯುವವನು. ಕೀಲು ಜಾರಿದೆ ಎಂದು ಹೇಳಿ ಅವನು ಕಾಲು ಹಿಡಿದು ಜಗ್ಗಿದ. ಲಟಕ್ಕೆಂದು ಸದ್ದಾಯಿತು. ಸುತ್ತ ನಿಂತವರು ತಲೆದೂಗಿದರು. ಸದ್ದು ಕೇಳಿಸಿದ ಮೇಲೆ ಗುಣವಾಗದೇ ಇರುತ್ತದೆಯೇ? ಕುರಿಗಾಹಿ ಮತ್ತೆ ಪೊದೆಗೆ ಹೋಗಿ ಮೊಲ ಎಬ್ಬಿಸಿದ. ಕೆಂಚಿ ಮತ್ತೆ ಓಡಿತು. ಈ ಸಲ ಅರ್ಧಕ್ಕೇ ಕುಸಿದು ಕೂತಿತು. ಅವನು ಅದನ್ನು ಹೊತ್ತು ತರಬೇಕಾಯಿತು.

ಇಬ್ಬರನ್ನೂ ಅವನು ಕಳ್ಳರೆಂದು ಬಾಯಿಗೆ ಬಂದಂತೆ ಬೈದ. ನನ್ನನ್ನು ಕೇಳಿದರೆ ಅವರು ಕಳ್ಳರಲ್ಲ. ಒಬ್ಬನ ಎಣ್ಣೆ ಒಳ್ಳೆಯದೇ, ಇನ್ನೊಬ್ಬನ ಕೈಯಲ್ಲಿ ಬಲವೂ ಇತ್ತು. ಓಡಬೇಕು ಎಂದು ಇವನು ಕೇಳಿದ, ಅವರು ಓಡುವಂತೆ ಮಾಡಿ ಕೊಟ್ಟರು. ಬೈಗುಳ ಮಾತ್ರ ಉಚಿತವಾಗಿ ಸಿಕ್ಕಿತು.

ಹೊಳೆಯ ಆಚೆ ಬಾಳವ್ವ ಎಂಬ ಹೆಂಗಸು ಇದ್ದಳು. ಗರಡಿಯ ಪೈಲ್ವಾನರ ಉಳುಕು, ಎತ್ತುಗಳ ಹೆಗಲು, ಓಟದ ನಾಯಿಗಳ ಕಾಲು ನೋಡುವುದು ಅವಳ ತಂದೆಯಿಂದ ಬಂದ ಕಸುಬು. ಅವಳ ಕೈಗುಣದಷ್ಟೇ ಅವಳ ನಾಲಿಗೆಯೂ ಹೆಸರುವಾಸಿ. ಕುರಿಗಾಹಿ ಸೊಂಟದ ಮಟ್ಟದ ನೀರಿನಲ್ಲಿ ಕೆಂಚಿಯನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿದ. ಅವಳ ಅಂಗಳದಲ್ಲಿ ಇಳಿಸಿ, ಕುಂಟುವ ಕಾಲನ್ನು ಮುಂದೆ ಎತ್ತಿ ಹಿಡಿದ. ಬಾಳವ್ವ ಕಾಲನ್ನು ಮುಟ್ಟಲಿಲ್ಲ.

“ಬೆಳಿಗ್ಗೆ ಹೆಂಗ ಏಳತೈತಿ ಇದು?” ಎಂದು ಕೇಳಿದಳು.

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಏಳೋದೇನವ್ವ, ಎಲ್ಲಾ ನಾಯಿ ಎದ್ದಂಗ ಏಳತೈತಿ. ಓಡೋದು ಕೇಳು, ಹೇಳತೀನಿ. ಇದು ಓಡಿದ್ರ ಗಾಳಿ ಹಿಂದ ಬೀಳತೈತಿ.”

“ಮೊಲ ಕಂಡ್ರ ಕಾಲು ಮುರದ ನಾಯೀನೂ ಓಡತೈತಿ. ಅದನ್ನ ಓಡಸೋದು ಮೊಲ. ನಡಿಯೋದು ಮಾತ್ರ ನಾಯಿ ತಾನ ನಡೀಬೇಕು. ಯಾವ ಮಗ್ಗಲಿಗೆ ಮಲಗತೈತಿ, ಹೆಂಗ ಏಳತೈತಿ, ಯಾವ ಕಡೆ ತಿರುಗಾಕ ಹೆದರತೈತಿ, ನೋಡಿಕೊಂಡು ಬಾ. ಆಮ್ಯಾಲ ನಾ ಮುಟ್ಟತೀನಿ.”

ಅವನ ಪಿತ್ತ ನೆತ್ತಿಗೇರಿತು. ಇಷ್ಟು ದೂರ ಹೊತ್ತು ತಂದದ್ದು ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೇ? ಮುಖ ಊದಿಸಿಕೊಂಡು ಮತ್ತೆ ಹೊಳೆಗೆ ಇಳಿದ. ಇಂಥವಳನ್ನು ವೈದ್ಯೆ ಎಂದು ಹೇಳಿದವರ ವಂಶವನ್ನೆಲ್ಲ ನೀರಿನ ನಡುವೆ ನಿಂತೇ ಬೈದ. ಆದರೆ ಕೇಳುವುದಕ್ಕೆ ಇನ್ನಾರೂ ಉಳಿದಿರಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ಬೇರೆ ದಾರಿ ಇಲ್ಲದ್ದರಿಂದ ಅವನು ನೋಡಿದ.

ಕೆಂಚಿ ಎಡ ಮಗ್ಗುಲಿಗೇ ಮಲಗುತ್ತಿತ್ತು, ಬಲಕ್ಕೆ ಹೊರಳುತ್ತಿರಲಿಲ್ಲ. ಬೆಳಿಗ್ಗೆ ಮುಂಗಾಲೆರಡನ್ನೂ ಚಾಚಿ, ಅಷ್ಟಕ್ಕೇ ತಡೆದು, ಒಮ್ಮೆ ತನ್ನ ತೊಡೆಯ ಕಡೆ ತಿರುಗಿ ನೋಡಿಕೊಂಡು, ಆಮೇಲೆ ಹಿಂದಿನ ಮೈಯನ್ನು ಎಳೆದುಕೊಂಡು ಏಳುತ್ತಿತ್ತು. ಬಲಕ್ಕೆ ಹೋಗಬೇಕಾದರೆ ಎಡಕ್ಕೆ ಸುತ್ತು ಹಾಕಿ ಹೋಗುತ್ತಿತ್ತು. ನರಳುತ್ತಿರಲಿಲ್ಲ. ಯಾರಾದರೂ ನೋಡಲಿ ಎಂದು ಅದು ಏನನ್ನೂ ಮಾಡುತ್ತಿರಲಿಲ್ಲ. ಮರಿಯಾಗಿದ್ದಾಗಿನಿಂದ ತನ್ನ ಕಂಬಳಿಯ ಅಂಚಿನಲ್ಲೇ ಮಲಗಿದ ನಾಯಿ ಹೇಗೆ ಏಳುತ್ತದೆ ಎಂಬುದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಕೆಂಚಿಯ ತಲೆ ಸವರಬೇಕೆಂದು ಕೈ ಚಾಚಿದ. ಅದು ಕಾಲು ಹಿಡಿಯಲು ಬಂದನೆಂದು ಹಿಂದಕ್ಕೆ ಸರಿಯಿತು.

ಮತ್ತೆ ಹೊಳೆ ದಾಟಿದ. ಈ ಸಲ ಅವನ ಬಾಯಿಯಲ್ಲಿ ಓಟದ ಮಾತು ಬರಲಿಲ್ಲ, ಕಂಡದ್ದನ್ನಷ್ಟೇ ಹೇಳಿದ. ಬಾಳವ್ವ ಶಹಬ್ಬಾಸ್ ಎನ್ನಲಿಲ್ಲ. ಕೆಂಚಿಯನ್ನು ಅಂಗಳದ ಉದ್ದಕ್ಕೂ ನಡೆಸಿ, ಹಿಂದೆ ಕೂತು ನೋಡಿದಳು, ಮುಂದೆ ಕೂತು ನೋಡಿದಳು. ಆಮೇಲೆ ಕುತ್ತಿಗೆಯ ಮೇಲೆ ಕೈ ಇಟ್ಟಳು. ಕೈ ಬೆನ್ನಿನ ಗುಂಟ ಇಳಿಯಿತು, ಸೊಂಟಕ್ಕೆ ಬಂತು, ತೊಡೆಯ ಒಳಭಾಗಕ್ಕೆ ಹೋಗಿ ನಿಂತಿತು. ಕೆಂಚಿ ತಲೆ ತಿರುಗಿಸಿ ಅವಳನ್ನು ನೋಡಿತು. ಗುರ್ರೆನ್ನಲಿಲ್ಲ. ಉದ್ದಕ್ಕೆ ಉಸಿರು ಬಿಟ್ಟಿತು.

“ಕುಂಟೋದು ಕೆಳಗ, ಹರದಿದ್ದು ಇಲ್ಲಿ, ಮ್ಯಾಲ,” ಎಂದಳು ಬಾಳವ್ವ. “ಮಾಂಸ ತನ್ನಷ್ಟಕ್ಕ ತಾನ ಕೂಡತಿತ್ತು. ನಾಯಿ ಕೂಡಸತೈತಿ, ನೀ ಹರೀತಿ.”

ಅವಳು ಕಾದ ಮರಳಿನ ಗಂಟು ಕಟ್ಟಿ ಶಾಖ ಕೊಡುವುದನ್ನು ತೋರಿಸಿದಳು. ಅಂಗೈಯಿಂದ ಎಷ್ಟು ಮೆಲ್ಲಗೆ ನೀವಬೇಕು ಎಂದು ಮೊದಲು ಅವನ ತೊಡೆಯ ಮೇಲೆಯೇ ನೀವಿ ತೋರಿಸಿದಳು. ಗಿಡ್ಡ ಹಗ್ಗ ಹಾಕಿ ಮೊದಲು ಹೊಳೆಯ ಮರಳಿನಲ್ಲಿ ನಡೆಸು, ಆಮೇಲೆ ಏರಿನಲ್ಲಿ ನಡೆಸು, ನಡೆಸುವಾಗ ನೀನೂ ಅದರ ಹೆಜ್ಜೆಗೇ ನಡೆ ಎಂದಳು.

“ನಡುವೆ ಮೊಲ ಬಂದ್ರ?” ಎಂದು ಕೇಳಿದ.

“ಕಣ್ಣು ಮುಚ್ಚು.”

“ಕೆಂಚೀದಾ?”

“ನಿಂದು.”

ಅವನು ನಡೆಸತೊಡಗಿದ. ಊರಿನ ಜನ ನಕ್ಕರು. ಗಾಳಿಯಂಥ ನಾಯಿಗೆ ಹಗ್ಗ ಕಟ್ಟಿ ಬಸುರಿಯನ್ನು ನಡೆಸಿದಂತೆ ನಡೆಸುತ್ತಾನೆ ಎಂದು ಆಡಿಕೊಂಡರು. ಹಿಂಡಿನ ಹಿರಿಯನೊಬ್ಬ, “ಸುಮ್ನ ಯಾಕ ಒದ್ದಾಡತಿ, ದಂಡೀಗೆ ಬಿಟ್ಟು ಬಾ,” ಎಂದ. ಇವನು ಕೇಳಿಸದವನಂತೆ ನಡೆದ. ಅವಸರದ ಮನುಷ್ಯ ಅವನು. ನಾಯಿಯ ಹೆಜ್ಜೆಗೆ ನಡೆಯುವುದು ಅವನಿಗೆ ಮೊದಮೊದಲು ಜೈಲಿನಂತಾಗಿತ್ತು. ಬರಬರುತ್ತ, ಕೆಂಚಿ ಕಾಲೂರುವ ಸದ್ದಿನಿಂದಲೇ ಆ ದಿನ ಅದಕ್ಕೆ ಹೇಗಿದೆ ಎಂದು ತಿಳಿಯತೊಡಗಿತು.

ಒಂದು ದಿನ ಏರಿನ ಮೇಲೆ ಅವರ ಕಾಲಬುಡದಿಂದಲೇ ಮೊಲ ಎದ್ದು ಓಡಿತು. ಕೆಂಚಿ ಚಿಮ್ಮಿತು. ಹಗ್ಗ ಸರಕ್ಕನೆ ಬಿಗಿಯಿತು. ಆ ಹೊತ್ತಿಗೆ ಕುರಿಗಾಹಿಯ ಕೈ ತಾನಾಗಿ ಸಡಿಲಾಯಿತು. ಬಿಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಮ್ಮೆ, ಒಂದೇ ಒಂದು ಸಲ, ಕೆಂಚಿ ಹಾರುವುದನ್ನು ನೋಡಬೇಕು ಎಂದು ಅವನ ಮೈಯೆಲ್ಲ ಬೇಡುತ್ತಿತ್ತು. ಅವನು ತನ್ನ ಕೈಯನ್ನು ನೋಡಿದ. ನೋಡಿ ಹೆದರಿದ. ಹಗ್ಗವನ್ನು ಎಳೆದು, ಮುಳ್ಳು ಕಲ್ಲು ನೋಡದೆ ನೆಲಕ್ಕೆ ಕೂತು, ಕೆಂಚಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡ. ಅದರ ಎದೆ ಡಬಡಬ ಬಡಿಯುತ್ತಿತ್ತು, ಇವನದೂ ಬಡಿಯುತ್ತಿತ್ತು. ಇಷ್ಟು ದಿನ ತಾನು ವೈದ್ಯರನ್ನು ಹುಡುಕಿದ್ದು ಯಾರ ರೋಗಕ್ಕೆ ಎಂದು ಅವನಿಗೆ ಅಲ್ಲಿ ಹೊಳೆಯಿತು. ಕೆಂಚಿ ಮೊಲ ಹೋದ ದಿಕ್ಕನ್ನು ನೋಡಿತು, ಕೊಸರಾಡಿತು, ಆಮೇಲೆ ಅವನ ತೋಳಿನ ಮೇಲೆ ಗದ್ದ ಊರಿತು.

ದೀಪಾವಳಿ ಬಂತು, ಹೋಯಿತು. ಹಿಂಡು ಹೊರಡುವ ದಿನದ ಬೆಳಿಗ್ಗೆ ಎಲ್ಲರೂ ಕತ್ತೆಗಳ ಮೇಲೆ ಸಾಮಾನು ಹೇರುತ್ತಿದ್ದರು. ಕುರಿಗಾಹಿ ಮಾತ್ರ ಕಂಬಳಿಯ ಪಕ್ಕ ಕೂತಿದ್ದ. ಕೆಂಚಿ ಕಣ್ಣು ಬಿಟ್ಟಿತು. ಬಲ ಮಗ್ಗುಲಿಗೆ ಹೊರಳಿತು. ಮುಂಗಾಲು ಚಾಚಿತು. ತೊಡೆಯ ಕಡೆ ತಿರುಗಿ ನೋಡಲಿಲ್ಲ. ನಾಲ್ಕೂ ಕಾಲಿನ ಮೇಲೆ ಒಟ್ಟಿಗೆ ಎದ್ದು, ಮೈ ಮುರಿದು, ಕಿವಿ ಪಟಪಟ ಬಡಿಯುವಂತೆ ಮೈ ಕೊಡವಿ, ಹೊರಡೋಣವೇ ಎಂಬಂತೆ ಅವನನ್ನು ನೋಡಿತು. ಕುರಿಗಾಹಿ ಅತ್ತುಬಿಟ್ಟ. ಸಾಮಾನು ಹೇರುತ್ತಿದ್ದವರು ಇವನಿಗೇನಾಯಿತು ಎಂದು ತಿರುಗಿ ನೋಡಿದರು. ನಾಯಿ ಎದ್ದಿತು ಎಂದು ಅವನು ಹೇಳಿದ. ಎಲ್ಲಾ ನಾಯಿಗಳೂ ಏಳುತ್ತವೆ ಎಂದು ಅವರು ತಮ್ಮ ಕೆಲಸಕ್ಕೆ ತಿರುಗಿದರು.

ಹಿಂಡು ಹೊಳೆಯ ದಂಡೆಗೆ ಬಂತು. ಯಾರೂ ಅಲ್ಲಿ ಉಳಿಯಲಿಲ್ಲ. ಕೆಂಚಿ ಎಳೆಯ ಕುರಿಮರಿಗಳ ಸಾಲಿನಲ್ಲಿ, ಅವನ ಹೆಜ್ಜೆಯ ಪಕ್ಕದಲ್ಲಿ ತನ್ನ ಹೆಜ್ಜೆ ಇಡುತ್ತ, ಈಗ ಮೊಣಕಾಲಿಗಿಂತ ಕೆಳಕ್ಕೆ ತಗ್ಗಿದ್ದ ನೀರಿಗೆ ಇಳಿದು ಆಚೆ ದಡ ಹತ್ತಿತು. ಬಾಳವ್ವ ಅಂಗಳದಲ್ಲಿ ನಿಂತು ಅದು ನಡೆದು ಹೋಗುವುದನ್ನು ನೋಡಿದಳು. ಆ ಸೀಮೆಯಲ್ಲಿ ಅವಳು ನಕ್ಕದ್ದನ್ನು ಕಂಡವನು ಕುರಿಗಾಹಿಯೊಬ್ಬನೇ.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ಅಡಿವೆಯ್ಯ ಕಾದ. ಕತೆ ಮುಂದೆ ಹೋಗುವ ಲಕ್ಷಣ ಕಾಣಲಿಲ್ಲ. ಅವನಿಗೆ ತಡೆಯಲಾಗಲಿಲ್ಲ. ಗಂಟನ್ನು ಬಗಲಿನಿಂದ ತೊಡೆಯ ಮೇಲಕ್ಕೆ ಸರಿಸಿಕೊಂಡು ಮುಂದಕ್ಕೆ ಬಾಗಿದ.

“ಆಮ್ಯಾಲೇನಾತ್ರಿ? ಕೆಂಚಿ ಮತ್ತ ಮೊದಲಿನಂಗ ಓಡಿತೇನ್ರಿ?”

“ನಾ ಹೇಳಿದ್ದು ನಾಯಿ ನಡದ ಕತಿ, ಅಡಿವೆಯ್ಯಾ, ಈಗ ಮೊಲ ಎಬ್ಬಿಸಿದವ ನೀನು.”